ಕ್ಯಾನ್ಸರ್‌ನಿಂದ ಶ್ವಾಸಕೋಶದ ಸುತ್ತ ನೀರು ತುಂಬಿದರೆ ಏನು ಮಾಡಬೇಕು

ಅಮ್ಮ ಮೂರು ರಾತ್ರಿ ಕೂತೇ ನಿದ್ದೆ ಮಾಡಿದರು. ಮಲಗಿದರೆ ಉಸಿರು ಕಟ್ಟುತ್ತದೆ, ಒಂದು ಮಗ್ಗುಲಿಗಾದರೆ ಪರವಾಗಿಲ್ಲ, ಇನ್ನೊಂದಕ್ಕೆ ಹೊರಳಿದರೆ ಆಗುವುದೇ ಇಲ್ಲ ಅನ್ನುತ್ತಿದ್ದರು. ಜೊತೆಗೆ ಒಣಕೆಮ್ಮು. ನಾವು ಗ್ಯಾಸ್ ಇರಬೇಕು ಎಂದುಕೊಂಡು ಜೀರಿಗೆ ಕಷಾಯ ಮಾಡಿ ಕೊಟ್ಟೆವು. ನಾಲ್ಕನೇ ದಿನ ಎಕ್ಸ್‌ರೇ ತೆಗೆಸಿದಾಗ ಬಲಗಡೆ ಎದೆಯ ಅರ್ಧಕ್ಕಿಂತ ಜಾಸ್ತಿ ಬೆಳ್ಳಗಿತ್ತು. ಅದೆಲ್ಲ ನೀರು.

ಅದಕ್ಕೂ ಆರು ವರ್ಷದ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಆ ಎಕ್ಸ್‌ರೇ ದಿನದಿಂದ ಮುಂದೆ ಹದಿನಾಲ್ಕು ತಿಂಗಳು ಈ ನೀರು ನಮ್ಮ ಮನೆಯ ದಿನಚರಿಯನ್ನೇ ನಡೆಸಿತು. ನಾನು ಡಾಕ್ಟರ್ ಅಲ್ಲ, ಆರೈಕೆ ಮಾಡಿದವಳು. ಆ ದಿನಗಳಲ್ಲಿ ಡಾಕ್ಟರ್‌ಗಳನ್ನು ಕೇಳಿ ತಿಳಿದದ್ದನ್ನು, ಓದಿದ್ದನ್ನು, ಕೈಯಾರೆ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ರೋಗಿಯ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ ಆಗಿರಲಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮಿಕ್ಕಿದ್ದನ್ನು ಓದುವಷ್ಟು ಸಮಾಧಾನ ಈಗ ನಿಮಗೆ ಇಲ್ಲದಿರಬಹುದು. ನೀರು ತೆಗೆಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಕ್ಯಾನ್ಸರ್‌ನಿಂದ ಬಂದ ನೀರು ಬಹಳ ಜನರಿಗೆ ಒಂದು ತಿಂಗಳ ಒಳಗೇ ಮತ್ತೆ ತುಂಬುತ್ತದೆ. ಆದ್ದರಿಂದ ಮೊದಲ ಸಲ ತೆಗೆಸಿದ ದಿನವೇ, ಆಸ್ಪತ್ರೆಯಿಂದ ಹೊರಡುವ ಮುಂಚೆ, "ಮತ್ತೆ ತುಂಬಿದರೆ ಏನು ಮಾಡೋಣ ಡಾಕ್ಟ್ರೇ?" ಎಂದು ಕೇಳಿ. ನಾವು ಕೇಳಲಿಲ್ಲ. ಮೂರು ಸಲ ಅರ್ಧರಾತ್ರಿಯಲ್ಲಿ ಎಮರ್ಜೆನ್ಸಿಗೆ ಓಡಿದ ಮೇಲೆ ಕೇಳಿದೆವು.

ನೀರು ತುಂಬುವುದು ಎಲ್ಲಿ

"ಶ್ವಾಸಕೋಶದಲ್ಲಿ ನೀರು ತುಂಬಿದೆ" ಎಂದೇ ಎಲ್ಲರೂ ಹೇಳುತ್ತಾರೆ. ನಿಜವಾಗಿ ನೀರು ಇರುವುದು ಅದರ ಹೊರಗೆ. ಶ್ವಾಸಕೋಶಕ್ಕೆ ಒಂದು ತೆಳು ಪೊರೆ ಅಂಟಿಕೊಂಡಿದೆ, ಎದೆಗೂಡಿನ ಒಳಗೋಡೆಗೆ ಇನ್ನೊಂದು. ಇದಕ್ಕೆ ಪ್ಲೂರಾ ಅನ್ನುತ್ತಾರೆ. ಎರಡರ ನಡುವೆ ಎಲ್ಲರಿಗೂ ಎರಡು ಮೂರು ಚಮಚದಷ್ಟು, ಅಂದರೆ 10ರಿಂದ 20 ಎಂಎಲ್ ನೀರು ಇದ್ದೇ ಇರುತ್ತದೆ. ಉಸಿರಾಡುವಾಗ ಪೊರೆಗಳು ಉಜ್ಜದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ದಿನವೂ ಸ್ವಲ್ಪ ಜಿನುಗುತ್ತದೆ, ದಿನವೂ ಅಷ್ಟೇ ಇಂಗುತ್ತದೆ. ಕ್ಯಾನ್ಸರ್ ಕಣಗಳು ಆ ಪೊರೆಯ ಮೇಲೆ ಕೂತಾಗ ಜಿನುಗುವುದು ಜಾಸ್ತಿ ಆಗುತ್ತದೆ, ಇಂಗುವ ದಾರಿಯೂ ಕಟ್ಟುತ್ತದೆ. ಮೋರಿ ಕಟ್ಟಿದ ಬಚ್ಚಲಲ್ಲಿ ನಲ್ಲಿಯನ್ನೂ ತಿರುಗಿಸಿಟ್ಟ ಹಾಗೆ. ಲೀಟರ್‌ಗಟ್ಟಲೆ ನಿಂತ ನೀರು ಶ್ವಾಸಕೋಶವನ್ನು ಸ್ಪಂಜಿನಂತೆ ಒತ್ತಿಬಿಡುತ್ತದೆ.

ಹೆಚ್ಚಾಗಿ ಇದು ಬರುವುದು ಶ್ವಾಸಕೋಶದ ಮತ್ತು ಸ್ತನದ ಕ್ಯಾನ್ಸರ್‌ನಲ್ಲಿ. ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಅಂಡಾಶಯದ ಕ್ಯಾನ್ಸರ್ ಇರುವವರಿಗೂ ಬರುತ್ತದೆ.

ಇದು ಗೊತ್ತಿದ್ದರೆ ಮನೆಯಲ್ಲಿ ಒಂದು ತಪ್ಪು ತಪ್ಪುತ್ತದೆ. "ನೀರು ತುಂಬಿದೆ, ಕುಡಿಯೋಕೆ ನೀರು ಕೊಡಬೇಡಿ" ಎಂದು ನೋಡಲು ಬಂದವರೆಲ್ಲ ಹೇಳಿದರು. ಬೇಸಿಗೆಯಲ್ಲಿ ಅಮ್ಮನ ನಾಲಿಗೆ ಒಣಗಿ ಹೋಗುತ್ತಿತ್ತು. ಕುಡಿದ ನೀರು ಅಲ್ಲಿಗೆ ಹೋಗುವುದಿಲ್ಲ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದು ಡಾಕ್ಟರೇ ಅಳತೆ ಹೇಳಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಬಾಯಾರಿದಷ್ಟು ಕುಡಿಯಲಿ. ಮೂತ್ರ ಜಾಸ್ತಿ ಹೋಗುವ ಮಾತ್ರೆಯಿಂದಲೂ ಈ ನೀರು ಸಾಮಾನ್ಯವಾಗಿ ಇಳಿಯುವುದಿಲ್ಲ. ಆ ಮಾತ್ರೆಯನ್ನು ನೀವಾಗಿಯೇ ತಂದು ಕೊಡಬೇಡಿ.

ಟಿಬಿ ಎಂದು ಸುಮ್ನೆ ಒಪ್ಪಿಕೊಳ್ಳಬೇಡಿ

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮಗೆ ಎರಡು ತಿಂಗಳು ಕೈತಪ್ಪಿದ್ದು ಇಲ್ಲೇ. ನಮ್ಮ ಕಡೆ ಎದೆಯಲ್ಲಿ ನೀರು ಕಂಡರೆ ಮೊದಲು ನೆನಪಾಗುವುದು ಟಿಬಿ. ಅದರಲ್ಲಿ ತಪ್ಪಿಲ್ಲ, ನಮ್ಮಲ್ಲಿ ಟಿಬಿ ಅಷ್ಟು ಇದೆ. ತೊಂದರೆ ಏನೆಂದರೆ ಎರಡರಲ್ಲೂ ನೀರು ನೋಡಲು ಒಂದೇ ಥರ ಇರಬಹುದು, ಹಳದಿ, ಒಣಹುಲ್ಲಿನ ಬಣ್ಣ. ರಿಪೋರ್ಟಿನಲ್ಲೂ ಎರಡಕ್ಕೂ ಪ್ರೋಟೀನ್ ಜಾಸ್ತಿ, ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಜಾಸ್ತಿ ಎಂದೇ ಬರಬಹುದು. ಎಡಿಎ ಎಂಬ ಟೆಸ್ಟ್ ಜಾಸ್ತಿ ಬಂದರೆ ಟಿಬಿ ಕಡೆ ವಾಲುತ್ತಾರೆ, ಕಡಿಮೆ ಬಂದರೆ ಬೇರೆ ಕಾರಣ ಹುಡುಕಬೇಕು. ಮೊದಲು ಹೋದ ಆಸ್ಪತ್ರೆಯಲ್ಲಿ ಹಳೆಯ ಕ್ಯಾನ್ಸರ್ ಬಗ್ಗೆ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಆರು ವರ್ಷ ಆಯ್ತಲ್ಲ, ಅದು ಮುಗಿದ ಕಥೆ ಎಂದು ನಮ್ಮ ಲೆಕ್ಕ. ಅಮ್ಮ ಎರಡು ತಿಂಗಳು ಟಿಬಿ ಮಾತ್ರೆ ನುಂಗಿದರು.

ಹಾಗಾಗಿ ಹಳೆಯ ಕ್ಯಾನ್ಸರ್ ಫೈಲ್ ಎಷ್ಟೇ ಹಳೆಯದಾಗಿರಲಿ, ಹಿಡಿದುಕೊಂಡೇ ಹೋಗಿ. ತೆಗೆದ ನೀರನ್ನು ಎಸೆಯುವ ಮುಂಚೆ ಸೈಟಾಲಜಿಗೆ, ಅಂದರೆ ಕ್ಯಾನ್ಸರ್ ಕಣ ಹುಡುಕುವ ಪರೀಕ್ಷೆಗೆ ಕಳಿಸಿದ್ದಾರಾ ಎಂದು ಕೇಳಿ. ಅದಕ್ಕೆ 50 ಎಂಎಲ್ ಆದರೂ ಹೋಗಲಿ. "ಸೆಲ್ ಬ್ಲಾಕ್ ಮಾಡಿಸ್ತೀರಾ?" ಎಂದೂ ಕೇಳಿ. ಕಣಗಳನ್ನು ಒಟ್ಟುಮಾಡಿ ಮೇಣದ ಅಚ್ಚಿನಂತೆ ಇಡುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ಆದರೆ ಯಾವ ಮಾತ್ರೆ ಕೆಲಸ ಮಾಡಬಹುದು ಎಂದು ತಿಳಿಸುವ ಇಜಿಎಫ್ಆರ್, ಎಎಲ್‌ಕೆ ಎಂಬ ಜೀನ್ ಟೆಸ್ಟ್‌ಗಳನ್ನು, ಸ್ತನದ್ದಾದರೆ ಹಾರ್ಮೋನ್ ಟೆಸ್ಟ್‌ಗಳನ್ನು ಅದರಲ್ಲೇ ಮಾಡಬಹುದು. ಮತ್ತೊಮ್ಮೆ ಬಯಾಪ್ಸಿಗೆ ಚುಚ್ಚಿಸಿಕೊಳ್ಳುವುದು ಎಷ್ಟೋ ಸಲ ತಪ್ಪುತ್ತದೆ.

ಮೊದಲ ಸಲ ಕ್ಯಾನ್ಸರ್ ಕಣ ಸಿಗದಿದ್ದರೆ ಕ್ಯಾನ್ಸರ್ ಇಲ್ಲ ಎಂದು ಅರ್ಥವಲ್ಲ. ಕ್ಯಾನ್ಸರ್‌ನಿಂದಲೇ ನೀರು ಬಂದ 100 ಜನರಲ್ಲಿ ಸುಮಾರು 60 ಜನರಿಗೆ ಮಾತ್ರ ಈ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅನುಮಾನ ಉಳಿದರೆ ಸಣ್ಣ ಕ್ಯಾಮೆರಾ ಹಾಕಿ ಪೊರೆಯ ಚೂರು ತೆಗೆದು ನೋಡುವ ಥೊರಾಕೋಸ್ಕೋಪಿ ಇದೆ. ನೀರು ಕೆಂಪಗೆ ಬಂದರೂ ಗಾಬರಿ ಬೇಡ, ಈ ಕಾಯಿಲೆಯಲ್ಲಿ ಅದು ಮಾಮೂಲು.

ಕಣ ಸಿಕ್ಕಿತು ಎಂದರೆ ಕಾಯಿಲೆ ಹರಡಿದೆ, ನಾಲ್ಕನೇ ಹಂತ ಎಂದು ಅರ್ಥ. ಇದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ಆದರೆ ನಾಲ್ಕನೇ ಹಂತ ಎಂದರೆ ಎಲ್ಲರಿಗೂ ಒಂದೇ ಅಲ್ಲ. ಲಿಂಫೋಮಾದಲ್ಲಿ, ಹಾರ್ಮೋನ್ ಮಾತ್ರೆಗೆ ಬಗ್ಗುವ ಸ್ತನ ಕ್ಯಾನ್ಸರ್‌ನಲ್ಲಿ, ಇಜಿಎಫ್ಆರ್ ಮಾತ್ರೆ ಕೆಲಸ ಮಾಡುವ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಶುರುವಾದ ಮೇಲೆ ನೀರು ತಾನಾಗಿಯೇ ಇಳಿಯುವುದುಂಟು. ನಿಮ್ಮದು ಯಾವುದು ಎಂದು ಆಂಕಾಲಜಿ, ಅಂದರೆ ಕ್ಯಾನ್ಸರ್ ಡಾಕ್ಟರನ್ನು ನೇರವಾಗಿ ಕೇಳಿ.

ನೀರು ತೆಗೆಸುವ ದಿನ

ಇದಕ್ಕೆ ಟ್ಯಾಪಿಂಗ್ ಅನ್ನುತ್ತಾರೆ. ಹೋಗುವ ಮುಂಚೆ ಒಂದು ವಿಷಯ ಹೇಳಲೇಬೇಕು, ರಕ್ತ ತೆಳು ಮಾಡುವ ಮಾತ್ರೆ. ಕ್ಲೋಪಿಡೋಗ್ರೆಲ್, ವಾರ್ಫರಿನ್, ಆಸ್ಪಿರಿನ್, ಯಾವುದೇ ಇರಲಿ. ನಿಲ್ಲಿಸಬೇಕಾ, ಎಷ್ಟು ದಿನ ಎಂದು ಅವರೇ ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಕೀಮೋ ನಡೆಯುತ್ತಿದ್ದರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ರಿಪೋರ್ಟ್ ತೆಗೆದುಕೊಂಡು ಹೋಗಿ. ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕುತ್ತಾರಾ ಎಂದು ವಿಚಾರಿಸಿ. ಕೇಳಲು ಸಂಕೋಚ ಬೇಡ, ಹಾಗೆ ಮಾಡಿದರೆ ಸೂಜಿ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರುವ ಅಪಾಯ ಕಡಿಮೆ.

ರೋಗಿಯನ್ನು ಕೂರಿಸಿ, ಮುಂದೆ ಮೇಜಿನ ಮೇಲೆ ದಿಂಬಿಟ್ಟು ಬಾಗಿಸುತ್ತಾರೆ. ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್, ಅದು ಚುರುಕ್ ಅನ್ನುತ್ತದೆ, ಆಮೇಲೆ ಅಷ್ಟಾಗಿ ನೋವಿಲ್ಲ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೂವರೆ ಲೀಟರ್ ದಾಟಿಸುವುದಿಲ್ಲ. "ಇನ್ನೂ ಇದೆಯಲ್ಲ, ಎಲ್ಲಾ ತೆಗೆದುಬಿಡಿ" ಎಂದು ನಾವು ಒತ್ತಾಯಿಸಿದ್ದೆವು, ಅದು ತಪ್ಪು. ಬಹಳ ದಿನ ಮುದುಡಿಕೊಂಡಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರ ಒಳಗೇ ನೀರು ಜಿನುಗಿ ಉಸಿರಾಟ ಇನ್ನಷ್ಟು ಕೆಡಬಹುದು. ತೆಗೆಯುವಾಗ ಎದೆ ಬಿಗಿದ ಹಾಗೆ ಆದರೆ, ಕೆಮ್ಮು ನಿಲ್ಲದಿದ್ದರೆ, ತಲೆ ಸುತ್ತಿದರೆ ಆ ಕ್ಷಣವೇ ಹೇಳಬೇಕು. ಅಮ್ಮನಂಥವರು ಡಾಕ್ಟರ್‌ಗೆ ಯಾಕೆ ತೊಂದರೆ ಎಂದು ಹಲ್ಲು ಕಚ್ಚಿ ಕೂತುಬಿಡುತ್ತಾರೆ. ಅವರಿಗೆ ಮೊದಲೇ ಹೇಳಿಟ್ಟಿರಿ, ಕೈ ಎತ್ತಿದರೆ ಸಾಕು, ನಿಲ್ಲಿಸುತ್ತಾರೆ ಎಂದು.

ಮನೆಗೆ ಬಂದ ಮೇಲೆ ಗಮನಿಸಬೇಕಾದದ್ದು: ಉಸಿರು ಹಗುರಾಯಿತಾ? ಬಹಳ ಜನ ಎಷ್ಟು ಲೀಟರ್ ಬಂತು ಎಂದು ನೋಡುತ್ತಾರೆ, ಇದನ್ನು ನೋಡುವುದಿಲ್ಲ. ಒಂದು ಲೀಟರ್ ತೆಗೆದರೂ ಏದುಸಿರು ಹಾಗೇ ಇದ್ದರೆ ಕಾರಣ ಬೇರೆ ಇರಬಹುದು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಹೃದಯದ ಸುತ್ತ ನೀರು, ರಕ್ತ ಕಡಿಮೆ, ಅಥವಾ ಶ್ವಾಸಕೋಶ ಅರಳಲಾರದಷ್ಟು ಬಿಗಿದಿರುವುದು. ಅಂಥವರಿಗೆ ಮತ್ತೆ ಮತ್ತೆ ನೀರು ತೆಗೆಸುವುದು ಸುಮ್ನೆ ಹಿಂಸೆ.

ಒಂದು ನೋಟ್‌ಬುಕ್ ಇಡಿ. ತಾರೀಕು, ಎಷ್ಟು ಎಂಎಲ್, ಬಣ್ಣ, ತೆಗೆಯುವ ಮುಂಚೆ ಬಚ್ಚಲಿಗೆ ಹೋಗಿ ಬರಲು ಎಷ್ಟು ಸಲ ನಿಲ್ಲುತ್ತಿದ್ದರು, ಆಮೇಲೆ ಎಷ್ಟು ಸಲ, ಮತ್ತೆ ಏದುಸಿರು ಶುರುವಾಗಿದ್ದು ಎಷ್ಟು ದಿನಕ್ಕೆ. ಅಮ್ಮನದು 19 ದಿನ, 12 ದಿನ, 9 ದಿನ ಎಂದು ಇಳಿಯುತ್ತಾ ಬಂತು. ಆ ಪುಟ ನೋಡಿದ ಡಾಕ್ಟರ್ ಎರಡೇ ನಿಮಿಷದಲ್ಲಿ, ಇನ್ನು ಚುಚ್ಚುವುದು ಸಾಕು ಎಂದರು.

ಮತ್ತೆ ಮತ್ತೆ ತುಂಬುತ್ತಿದ್ದರೆ

ತಿಂಗಳುಗಟ್ಟಲೆ ಬಿಟ್ಟು ತುಂಬುವವರಿಗೆ, ಅಥವಾ ಬಹಳ ನಿತ್ರಾಣ ಆಗಿ ಕೆಲವೇ ವಾರ ಉಳಿದಿದೆ ಎನ್ನುವವರಿಗೆ ಬೇಕಾದಾಗ ಟ್ಯಾಪಿಂಗ್ ಸಾಕು. ಬೇಗ ಬೇಗ ತುಂಬುವವರಿಗೆ ಎರಡು ದಾರಿ ಇವೆ.

ಒಂದು ಪ್ಲೂರೋಡೆಸಿಸ್. ನೀರೆಲ್ಲ ತೆಗೆದು, ಪೈಪಿನ ಮೂಲಕ ಟಾಲ್ಕ್ ಪುಡಿ ಹಾಕಿ ಎರಡು ಪೊರೆಗಳನ್ನು ಅಂಟಿಸಿಬಿಡುವುದು. ಮಧ್ಯೆ ಜಾಗವೇ ಇಲ್ಲದಿದ್ದರೆ ನೀರು ನಿಲ್ಲುವುದೆಲ್ಲಿ, ಅಲ್ವಾ? ನಮ್ಮ ಆಸ್ಪತ್ರೆಗಳಲ್ಲಿ ಟಾಲ್ಕ್ ಬದಲು ಪೊವಿಡೋನ್ ಅಯೋಡಿನ್ ಬಳಸುವುದೂ ಇದೆ, ಖರ್ಚು ಕಡಿಮೆ. ಥೈರಾಯ್ಡ್ ತೊಂದರೆ ಅಥವಾ ಅಯೋಡಿನ್ ಅಲರ್ಜಿ ಇದ್ದರೆ ಮುಂಚೆಯೇ ಹೇಳಿ. ಕೆಲವು ದಿನ ಆಸ್ಪತ್ರೆಯಲ್ಲಿ ಇರಬೇಕು. ಒಂದೆರಡು ದಿನ ಜ್ವರ, ಎದೆನೋವು ಬರುತ್ತದೆ, ನೋವಿನ ಮಾತ್ರೆ ಕೇಳಿ ಪಡೆಯಿರಿ. ಹತ್ತರಲ್ಲಿ ಸುಮಾರು ಏಳು ಜನರಿಗೆ ಕೆಲಸ ಮಾಡುತ್ತದೆ. ಆದರೆ ನೀರು ತೆಗೆದ ಮೇಲೆ ಶ್ವಾಸಕೋಶ ಅರಳಿ ಎದೆಗೋಡೆಗೆ ತಾಗಬೇಕು. ತಾಗದಿದ್ದರೆ ಅಂಟುವುದು ಹೇಗೆ? ಹಾಗಾಗಿ ಪುಡಿ ಹಾಕುವ ಮುಂಚೆ "ಎಕ್ಸ್‌ರೇಯಲ್ಲಿ ಲಂಗ್ಸ್ ಪೂರ್ತಿ ಅರಳಿದೆಯಾ?" ಎಂದು ಕೇಳಿ.

ಇನ್ನೊಂದು ಮನೆಯಲ್ಲೇ ನೀರು ತೆಗೆಯುವ ಟ್ಯೂಬ್. ಮೆತ್ತನೆಯ ಸಿಲಿಕೋನ್ ಟ್ಯೂಬನ್ನು ಚರ್ಮದ ಅಡಿಯಲ್ಲಿ ಸ್ವಲ್ಪ ದೂರ ಹಾಯಿಸಿ ಒಳಗೆ ಬಿಟ್ಟಿರುತ್ತಾರೆ, ಹೊರಗಿನ ತುದಿಗೆ ವಾಲ್ವ್. ಶ್ವಾಸಕೋಶ ಅರಳದವರಿಗೂ ಇದು ಆಗುತ್ತದೆ. ಇದನ್ನೂ ಪಿಗ್‌ಟೇಲ್‌ ಅನ್ನೂ ಒಂದೇ ಎಂದುಕೊಳ್ಳಬೇಡಿ. ಪಿಗ್‌ಟೇಲ್ ಕೆಲವು ದಿನಕ್ಕೆ ಹಾಕುವ ಸಣ್ಣ ಪೈಪ್, ಜಾರಿ ಹೊರಬರುವುದು, ಸೋಂಕು ಆಗುವುದು ಸುಲಭ. ಅದನ್ನು ಹಾಕಿ ಮನೆಗೆ ಕಳಿಸುತ್ತಿದ್ದರೆ ಎಷ್ಟು ದಿನಕ್ಕೆ ತೆಗೆಯುತ್ತೀರಿ ಎಂದು ಬರೆಸಿಕೊಳ್ಳಿ.

ಎರಡರಲ್ಲಿ ಯಾವುದು ಮೇಲು? ದೊಡ್ಡ ಅಧ್ಯಯನಗಳಲ್ಲಿ ಎರಡನ್ನೂ ಹೋಲಿಸಿದ್ದಾರೆ, ಏದುಸಿರು ಕಡಿಮೆ ಆಗುವುದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಟ್ಯೂಬ್ ಹಾಕಿಸಿಕೊಂಡವರು ಆಸ್ಪತ್ರೆಯಲ್ಲಿ ಕಳೆಯುವ ದಿನ ಕಡಿಮೆ. ಅಂಟಿಸಿಕೊಂಡವರಿಗೆ ಮೈಮೇಲೆ ಪೈಪಿನ ರಗಳೆ ಇಲ್ಲ. ನನ್ನ ಅನಿಸಿಕೆ ಕೇಳಿದರೆ, ಮನೆಯಲ್ಲಿ ಕೈ ತೊಳೆದು ಶಿಸ್ತಾಗಿ ಮಾಡುವ ಒಬ್ಬರು ಇದ್ದರೆ ಟ್ಯೂಬ್, ಇಲ್ಲದಿದ್ದರೆ, ಶ್ವಾಸಕೋಶವೂ ಅರಳುವ ಹಾಗಿದ್ದರೆ, ಪ್ಲೂರೋಡೆಸಿಸ್. ಖರ್ಚೂ ಕೇಳಿಕೊಳ್ಳಿ. ಟ್ಯೂಬಿಗೆ ಒಂದು ಸಲದ ಖರ್ಚು, ವ್ಯಾಕ್ಯೂಮ್ ಬಾಟಲಿಗೆ ಪ್ರತಿ ಸಲದ ಖರ್ಚು. ಬಾಟಲಿ ದುಬಾರಿ ಆದರೆ ಸಾದಾ ಬ್ಯಾಗಿಗೆ ಜೋಡಿಸಿ ತೆಗೆಯುವ ದಾರಿ ನಿಮ್ಮ ಟ್ಯೂಬಿಗೆ ಇದೆಯಾ ಎಂದು ಡಾಕ್ಟರನ್ನೇ ಕೇಳಿ. ಅಮ್ಮ ಟ್ಯೂಬನ್ನೇ ಆರಿಸಿಕೊಂಡರು. ತಮ್ಮ ಹಾಸಿಗೆ, ತಮ್ಮ ಹಿತ್ತಲು ಬಿಟ್ಟು ಹೋಗಲು ಅವರಿಗೆ ಇಷ್ಟವಿರಲಿಲ್ಲ.

ಮನೆಯಲ್ಲಿ ಟ್ಯೂಬ್‌ನಿಂದ ನೀರು ತೆಗೆಯುವುದು

ಡಿಸ್ಚಾರ್ಜ್‌ಗೆ ಮುಂಚೆ ನರ್ಸ್ ಎದುರು ನೀವೇ ಒಂದು ಸಲ ಮಾಡಿ ತೋರಿಸಿ. ನೋಡಿ ಕಲಿತದ್ದು ಮನೆಗೆ ಬಂದ ಮೇಲೆ ಮರೆತು ಹೋಗುತ್ತದೆ.

ಕೋಣೆಯ ಫ್ಯಾನ್ ಆರಿಸಿ, ಬಾಗಿಲು ಹಾಕಿ. ಮಕ್ಕಳು, ಬೆಕ್ಕು ಒಳಗೆ ಬರದಿರಲಿ. ಸಾಮಾನೆಲ್ಲ ಒಂದು ಶುದ್ಧ ಬಟ್ಟೆಯ ಮೇಲೆ ಜೋಡಿಸಿಕೊಂಡು, ಸೋಪು ಹಚ್ಚಿ ಕೈ ಚೆನ್ನಾಗಿ ತೊಳೆದು, ಹಳೆಯ ಡ್ರೆಸಿಂಗ್ ತೆಗೆದು, ಟ್ಯೂಬ್ ಚರ್ಮದಿಂದ ಹೊರಬರುವ ಜಾಗ ಕೆಂಪಾಗಿದೆಯಾ, ಕೀವು ಇದೆಯಾ ಎಂದು ಮೊದಲು ನೋಡಿ. ಆಮೇಲೆ ಮತ್ತೆ ಕೈ ತೊಳೆದು ಸ್ಟೆರೈಲ್ ಗ್ಲೌಸ್ ಹಾಕಿ, ವಾಲ್ವಿನ ತುದಿಯನ್ನು ಸ್ಪಿರಿಟ್ ಸ್ವಾಬ್‌ನಿಂದ ಒರೆಸಿ, ಬಾಟಲಿಗೆ ಜೋಡಿಸಿ ನಿಧಾನಕ್ಕೆ ಬಿಡಿ. ಒಂದು ಸಲಕ್ಕೆ ಒಂದು ಲೀಟರ್ ಮೀರಬೇಡಿ, ಡಾಕ್ಟರ್ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ನೋವು, ಎಳೆತ, ಕೆಮ್ಮು ಬಂದರೆ ಕ್ಲ್ಯಾಂಪ್ ಹಾಕಿ ಸ್ವಲ್ಪ ಹೊತ್ತು ಬಿಡಿ, ಕಡಿಮೆ ಆಗದಿದ್ದರೆ ಅವತ್ತಿಗೆ ಸಾಕು. ಮುಗಿದ ಮೇಲೆ ಹೊಸ ಕ್ಯಾಪ್, ಹೊಸ ಡ್ರೆಸಿಂಗ್, ಅಳತೆ ನೋಟ್‌ಬುಕ್ಕಿಗೆ.

ದಿನವೂ ತೆಗೆಯಬೇಕಾ, ದಿನ ಬಿಟ್ಟು ದಿನವಾ? 2017ರ ಒಂದು ಅಧ್ಯಯನದಲ್ಲಿ ದಿನವೂ ತೆಗೆದವರಲ್ಲಿ 100ಕ್ಕೆ 47 ಜನರಿಗೆ ಪೊರೆ ತಾನಾಗಿಯೇ ಅಂಟಿಕೊಂಡು ನೀರು ನಿಂತಿತು, ದಿನ ಬಿಟ್ಟು ದಿನ ತೆಗೆದವರಲ್ಲಿ 24 ಜನರಿಗೆ. ಏದುಸಿರು ಬಂದಾಗ ಮಾತ್ರ ತೆಗೆದರೂ ಉಸಿರಿನ ಮಟ್ಟಿಗೆ ಅಷ್ಟೇ ಆರಾಮ ಸಿಗುತ್ತದೆ ಎಂದು 2018ರ ಇನ್ನೊಂದು ಅಧ್ಯಯನ ಹೇಳಿತು. ಟ್ಯೂಬ್ ಬೇಗ ಕಳಚಬೇಕು ಎನ್ನುವವರು ದಿನವೂ, ಪ್ರತಿ ಸಲದ ನೋವು, ಖರ್ಚು ಬೇಡ ಎನ್ನುವವರು ಬೇಕಾದಾಗ. ಇದನ್ನು ಡಾಕ್ಟರ್ ಜೊತೆ ಕೂತು ತೀರ್ಮಾನಿಸಿ.

ನೀರು ಬರುವುದು ಕಡಿಮೆ ಆದಾಗ ಎರಡು ಅರ್ಥ ಇರಬಹುದು. ಮೂರು ಸಲ ಸಾಲಾಗಿ 50 ಎಂಎಲ್‌ಗಿಂತ ಕಡಿಮೆ ಬಂದು, ಉಸಿರೂ ಚೆನ್ನಾಗಿದ್ದರೆ ಡಾಕ್ಟರ್‌ಗೆ ಹೇಳಿ, ಟ್ಯೂಬ್ ತೆಗೆಯುವ ಹೊತ್ತು ಬಂದಿರಬಹುದು. ನೀರು ಬರುತ್ತಿಲ್ಲ, ಆದರೆ ಏದುಸಿರು ಜಾಸ್ತಿ ಎಂದರೆ ಟ್ಯೂಬ್ ಕಟ್ಟಿದೆ, ಅಥವಾ ಒಳಗೆ ನೀರು ಗೂಡುಗೂಡಾಗಿ ನಿಂತಿದೆ. ಸ್ಕ್ಯಾನ್ ಮಾಡಿ ನೋಡುತ್ತಾರೆ. ಮನೆಯಲ್ಲಿ ಸಿರಿಂಜ್ ಹಾಕಿ ಏನನ್ನೂ ಒಳಗೆ ತಳ್ಳಬೇಡಿ.

ಸ್ನಾನಕ್ಕೆ ನೀರು ಹೋಗದ ಡ್ರೆಸಿಂಗ್ ಬೇಕು. ಹೊಳೆ, ಕೆರೆ, ಕಲ್ಯಾಣಿಯಲ್ಲಿ ಮುಳುಗುವುದು ಬೇಡ, ಹರಕೆ ಇದ್ದರೂ ತಲೆಗೆ ನೀರು ಪ್ರೋಕ್ಷಿಸಿಕೊಂಡರೆ ಆಯಿತು. ಆಸ್ಪತ್ರೆಯ ದೊಡ್ಡ ಪೈಪ್ ಮತ್ತು ನೀರಿನ ಬಾಟಲಿ ಇರುವವರು ಬಾಟಲಿಯನ್ನು ಯಾವಾಗಲೂ ಎದೆಗಿಂತ ಕೆಳಗೇ ಇಡಬೇಕು. ಆಟೋ ಹತ್ತುವಾಗ ತೊಡೆಯ ಮೇಲೆ ಎತ್ತಿಕೊಳ್ಳಲು ಮನಸ್ಸಾಗುತ್ತದೆ, ಎತ್ತಬೇಡಿ.

ಉಸಿರಿನ ಕಷ್ಟ ತಗ್ಗಿಸಲು

ಮುಂದೆ ಮೇಜು, ಅದರ ಮೇಲೆ ದಿಂಬು, ಅದಕ್ಕೆ ಮೊಣಕೈ ಊರಿ ಬಾಗಿ ಕೂರುವುದು. ತುಟಿ ಸುರುಟಿಕೊಂಡು, ದೀಪ ಅಲುಗುವಷ್ಟು ಮೆಲ್ಲಗೆ ಉಸಿರು ಬಿಡುವುದು. ಮುಖಕ್ಕೆ ಸಣ್ಣ ಫ್ಯಾನ್. ಇದು ಏನು ಮಹಾ ಎನಿಸಬಹುದು, ಆದರೆ ಕೆನ್ನೆ, ಮೂಗಿಗೆ ಗಾಳಿ ತಾಗಿದರೆ ಏದುಸಿರಿನ ಸಂಕಟ ನಿಜವಾಗಿಯೂ ಕಡಿಮೆ ಆಗುತ್ತದೆ. ಆಕ್ಸಿಜನ್ ಯಂತ್ರ ಬಾಡಿಗೆಗೆ ತರುವ ಮುಂಚೆ ಬೆರಳಿನ ಮೀಟರ್ ನೋಡಿ, ಅಂಕಿ ಚೆನ್ನಾಗಿದ್ದರೆ ಆಕ್ಸಿಜನ್‌ನಿಂದ ಅಂಥ ಉಪಯೋಗವಿಲ್ಲ.

ಮಾರ್ಫಿನ್ ಹೆಸರು ಕೇಳಿದರೆ ಮನೆಯವರು ಬೆಚ್ಚುತ್ತಾರೆ. ನಾನೂ ಬೆಚ್ಚಿದ್ದೆ. ಸಣ್ಣ ಪ್ರಮಾಣದಲ್ಲಿ, ಪ್ಯಾಲಿಯೇಟಿವ್ ಡಾಕ್ಟರ್, ಅಂದರೆ ನೋವು, ಸಂಕಟ ತಗ್ಗಿಸುವ ಡಾಕ್ಟರ್ ಹೇಳಿದ ಹಾಗೆ ಕೊಟ್ಟರೆ ಅದು ಉಸಿರು ನಿಲ್ಲಿಸುವುದಿಲ್ಲ, ಉಸಿರಿಗಾಗಿ ಒದ್ದಾಡುವ ಸಂಕಟ ಇಳಿಸುತ್ತದೆ. ಮಲಬದ್ಧತೆ ಖಂಡಿತ ಬರುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ. ಮಾರ್ಫಿನ್ ಸುಲಭವಾಗಿ ಸಿಗಲಿ ಎಂದೇ 2014ರಲ್ಲಿ ಕಾನೂನು ತಿದ್ದಿದ್ದಾರೆ, ಆದರೂ ಎಲ್ಲಾ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಇದೆ. ಅಲ್ಲೇ ಇರುವ ಕರುಣಾಶ್ರಯ ಎಂಬ ಆರೈಕೆ ಕೇಂದ್ರದಲ್ಲಿ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ, ಮನೆಗೆ ಬಂದು ನೋಡುವ ತಂಡವೂ ಇದೆ. ಪ್ಯಾಲಿಯೇಟಿವ್ ಆರೈಕೆ ಕೊನೆಯ ಹಂತದವರಿಗೆ ಮಾತ್ರ ಎಂದುಕೊಂಡು ತಡ ಮಾಡಬೇಡಿ. ನಾವು ಆರು ತಿಂಗಳು ತಡ ಮಾಡಿದೆವು, ಆ ಆರು ತಿಂಗಳ ರಾತ್ರಿಗಳು ಅಮ್ಮನಿಗೆ ಇನ್ನೂ ಸುಲಭವಾಗಿ ಕಳೆಯಬಹುದಿತ್ತು.

ಊಟ ಒಂದೇ ಸಲ ಜಾಸ್ತಿ ಬೇಡ, ಹೊಟ್ಟೆ ತುಂಬಿದರೂ ಉಸಿರಿಗೆ ಕಷ್ಟ. ತೆಗೆಯುವ ನೀರಿನ ಜೊತೆ ಪ್ರೋಟೀನೂ ಹೋಗುತ್ತದೆ, ಹಾಗಾಗಿ ಮೊಟ್ಟೆ, ಹೆಸರುಬೇಳೆ, ಮೊಸರು, ರಾಗಿ ಅಂಬಲಿಗೆ ಕಡಲೆಬೀಜದ ಪುಡಿ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ.

ತಡಮಾಡದೆ ಹೊರಡಬೇಕಾದ ಸಮಯ

ಒಮ್ಮೆಲೇ ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಚುಚ್ಚುವ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದ ಹಾಗಾದರೆ, ಏದುಸಿರಿನ ಜೊತೆ ಒಂದೇ ಕಾಲು ಊದಿಕೊಂಡರೆ 108ಕ್ಕೆ ಫೋನ್ ಮಾಡಿ. ಟ್ಯೂಬ್ ಹೊರಗೆ ಬಂದುಬಿಟ್ಟರೆ ಆ ತೂತಿನ ಮೇಲೆ ಶುದ್ಧ ಗಾಜ್ ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ. ಟ್ಯೂಬ್ ತುಂಡಾದರೆ ಮೈಗೆ ಹತ್ತಿರದ ಭಾಗಕ್ಕೆ ಕ್ಲ್ಯಾಂಪ್ ಹಾಕಿ, ಅದಕ್ಕಾಗಿ ಒಂದು ಕ್ಲ್ಯಾಂಪ್ ದಿಂಬಿನ ಪಕ್ಕದಲ್ಲೇ ಇರಲಿ. ಜ್ವರ, ಚಳಿ, ನೀರು ಬಗ್ಗಡವಾಗಿ ವಾಸನೆ ಬರುವುದು, ಇವಕ್ಕೆ ಮರುದಿನದ ತನಕ ಕಾಯಬೇಡಿ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ: ಯಾವ ಕ್ಯಾನ್ಸರ್, ಯಾವ ಕಡೆ ನೀರು, ಕಡೆಯ ಸಲ ಯಾವತ್ತು ಎಷ್ಟು ತೆಗೆದರು, ರಕ್ತ ತೆಳು ಮಾಡುವ ಮಾತ್ರೆ ಇದೆಯಾ, ಯಾವ ಡಾಕ್ಟರ್, ಅವರ ಫೋನ್ ನಂಬರ್. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಯಲ್ಲಿ ಇರುವ ಹುಡುಗ ಡಾಕ್ಟರ್ ಕೇಳುವುದು ಇದನ್ನೇ, ಆಗ ನಿಮ್ಮ ಬಾಯಿಂದ ಮಾತು ಹೊರಡುವುದಿಲ್ಲ. ಆ ಪುಟ ತೆರೆದು ಅವರ ಕೈಗೆ ಕೊಡಿ.